ಬೋರಣ್ಣನ ಕಾಲಳತೆ

"ಒತ್ರಿ ಅಕ್ಕಾ," ಅಂತ ಕಾರಿನ ಕೆಳಗಿಂದ ಮೇಸ್ತ್ರಿ ನಿಂಗಪ್ಪ ಕೂಗಿದ. ನಾಗಕ್ಕ ಸೀಟಿನ ತುದಿಗೆ ಜಾರಿ, ಗದ್ದವನ್ನು ಸ್ಟೇರಿಂಗಿಗೆ ತಾಗಿಸಿಕೊಂಡು, ಕಾಲಿನ ಹೆಬ್ಬೆರಳಿನಿಂದ ಬ್ರೇಕು ಒತ್ತಿದಳು. ಕಾಲು ಎಟುಕದೆ ಪೆಡಲ್ಲು ಅರ್ಧಕ್ಕೇ ನಿಂತಿತು. ಮೇಲಿನವರು ಪೂರ್ತಿ ಒತ್ತದಿದ್ದರೆ ಕೆಳಗಿನವನಿಗೆ ಬ್ರೇಕಿನ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲಾಗದು.

ನಿಂಗಪ್ಪ ತೆವಳಿ ಹೊರಬಂದ. "ಸೀಟು ಮುಂದಕ್ಕೆ ಎಳಕೊಳ್ರಿ. ಇದು ಬೋರಣ್ಣನ ಕಾಲಳತೆ."

"ಅದನ್ನ ಮುಟ್ಟಬ್ಯಾಡ," ಅಂದಳು. ದಾವಣಗೆರೆಯಿಂದ ಹರಿಹರಕ್ಕೆ ಈ ಟ್ಯಾಕ್ಸಿ ಓಡಿಸುತ್ತಿದ್ದ ಗಂಡ ಬೋರಣ್ಣ ಚೀನಾ ಯುದ್ಧಕ್ಕೆ ಮಿಲಿಟರಿ ಲಾರಿ ಓಡಿಸಲು ಹೋಗಿ ಎರಡು ವರ್ಷ. ಕಾಗದ ನಿಂತು ಒಂದೂವರೆ. "ಅವರು ಬಂದು ಕೂತ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗ್ಬೇಕು."

"ಸೋಮವಾರಕ್ಕೊಮ್ಮೆ ಬ್ಯಾಟರಿಗೆ ನೀರು ಹೊಯ್ದ್ರೆ ಸಾಲಲ್ಲಕ್ಕಾ. ನಿಂತ ಕಾರಿನ ಬ್ಯಾಟರಿ ಹೆಂಗೆ ಕೆಮ್ತೈತೆ ಗೊತ್ತೇನು?" ನಿಂಗಪ್ಪ ಎದೆ ಹಿಡಿದು, ದಮ್ಮಿನ ಮುದುಕನಂತೆ "ಖೊರ್... ಖೊರ್... ಖ್" ಅಂತ ಅಣಕಿಸಿ ಕಣ್ಣು ತೇಲಿಸಿದ. ನಾಗಕ್ಕನಿಗೆ ನಗು ತಡೆಯಲಾಗಲಿಲ್ಲ. ಅವನು ಮಾತ್ರ ನಗಲಿಲ್ಲ. "ನೀವೇ ಕಲ್ತು ದಿನಾ ಓಡಿಸಿದ್ರೆ ಉಳಿತೈತೆ. ಇಲ್ಲಾಂದ್ರೆ ಬೋರಣ್ಣ ಬಂದಾಗ ಸೀಟು ಇರ್ತೈತೆ, ಕಾರು ಇರಲ್ಲ."

ನಾಗಕ್ಕ ತುರುಬಿನಿಂದ ಹೇರ್‌ಪಿನ್ನು ಕಿತ್ತು, ಬಗ್ಗಿ, ಸೀಟು ಜಾರುವ ಕಬ್ಬಿಣದ ಪಟ್ಟಿಯ ಮೇಲೆ, ಅದು ಈಗ ನಿಂತಿದ್ದ ಜಾಗಕ್ಕೆ ಸರಿಯಾಗಿ, ಆಳವಾಗಿ ಒಂದು ಗೀರು ಹಾಕಿದಳು. ಬೆರಳಿಂದ ಮುಟ್ಟಿ ನೋಡಿ, ಅದರ ಮೇಲೇ ಇನ್ನೊಮ್ಮೆ ಗೀರಿದಳು. ಹಿಡಿಕೆ ಎತ್ತಿ ಸೀಟನ್ನು ಇಂಚಿಂಚಾಗಿ ಮುಂದಕ್ಕೆ ತಂದಳು. ಪಾದ ಪೂರ್ತಿಯಾಗಿ ಪೆಡಲ್ಲಿನ ಮೇಲೆ ಕೂತಿತು.

"ಈಗ ಒತ್ಲೇನು, ನಿಂಗಪ್ಪ?"