ಹಗ್ಗ ಕಡಿದ ದೋಣಿ

ದೋಣಿ ನಡುನೀರಿಗೆ ಬರುತ್ತಿದ್ದಂತೆ, ಎರಡೂ ದಡಗಳ ನಡುವೆ ಬಿಗಿದಿದ್ದ ಹಗ್ಗ ಚಟೀರನೆ ಕಡಿಯಿತು. ಬಳುವಳಿ ಬಟ್ಟೆಯ ಪೆಟ್ಟಿಗೆಯ ಮೇಲೆ ಕೂತಿದ್ದ ಮದುಮಗಳು ಪೆಯ್ರೊನೆಲ ಮುಗ್ಗರಿಸಿ ಮೊಣಕಾಲೂರಿದಳು. ಬೆಟ್ಟದ ಹಿಮ ಕರಗಿ ದೊರ್ದೋನ್ ನದಿ ಮೈದುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ, ಸಾನ್ ಜಿರೋನ್ ಹಳ್ಳಿಯ ಇಗರ್ಜಿಯ ಮುಂದೆ ಕಾಯುತ್ತಿದ್ದ ದಿಬ್ಬಣದ ಹಾಡು ಒಮ್ಮೆಗೇ ನಿಂತಿತು. ಮೊದಲ ಸಲಕ್ಕೇ ದಾಟಿದ್ದ ಅವಳ ಅಮ್ಮ ಎದೆ ಬಡಿದುಕೊಂಡಳು.

“ಅಲ್ಲಾಡ್ಬೇಡ ಮಗಾ, ಕೂತ್ಕೋ!” ಎಂದು ಕೂಗಿದ ಅಂಬಿಗ ಗಿರೌತ್, ಅವಳ ಸೋದರಮಾವ. ಹಗ್ಗ ಬಡಿದ ಏಟಿಗೆ ಅವನ ಬಲಗೈ ಜೋತುಬಿದ್ದಿತ್ತು.

“ಕೂತ್ರೆ ಇಬ್ರೂ ಹೋಗಿ ಗಿರಣಿ ಒಡ್ಡಿಗೆ ಬಡ್ಕೋತೀವಿ ಮಾವ. ಗಳ ಕೊಡಿಲ್ಲಿ!”

ಮದುವೆಯ ನೀಲಿ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಆ ಮೀನುಗಾರನ ಮಗಳು ಗಳ ಊರಿದಳು. ಗುಡ್ಡದ ಮೇಲಿನ ದ್ರಾಕ್ಷಿತೋಟದ, ಮುಖವನ್ನೇ ನೋಡಿರದ ಯಾವನಿಗೋ ಕೊಡುತ್ತಿದ್ದಾರೆಂದು ಬೆಳಗ್ಗಿನಿಂದ ಅತ್ತಿದ್ದಳು. ಈಗ ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಆಚೆ ದಡದ ಮೇಲೆ ದೋಣಿಗೆ ಸರಿಸಮನಾಗಿ ಒಬ್ಬ ಓಡಿಬರುತ್ತಿದ್ದ. ಮುಳ್ಳುಕಂಟಿಗೆ ಸಿಕ್ಕಿ ಅಂಗಿ ಹರಿಯಿತು. ಎಡವಿ ಬಿದ್ದ, ಎದ್ದ, ಮತ್ತೆ ಓಡಿದ.

“ಅವ್ನ್ಯಾರು ಮಾವ, ಹುಚ್ಚನ ಹಾಗೆ?”

“ಅವ್ನೇ ಕಣೇ ನಿನ್ನ ಗಂಡು, ಐಮೆರಿಕ್!”

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಐಮೆರಿಕ್ ನೀರಿಗೆ ಧುಮುಕಿದ. ಕೈಕಾಲು ಬಡಿದ ರೀತಿಗೇ ಗೊತ್ತಾಯಿತು, ಈಜು ಬಾರದವನು. ಮುಳುಗಿದ, ತಲೆ ಎತ್ತಿದ, ಮತ್ತೆ ಮುಳುಗಿದ. ಸೆಳವೇ ಅವನನ್ನು ದೋಣಿಯ ಬಳಿಗೆ ತಂದಿತು. ಪೆಯ್ರೊನೆಲ ಬಗ್ಗಿ ಅವನ ಕೂದಲಿಗೆ ಕೈಹಾಕಿದಳು. ಎಳೆದಂತೆಲ್ಲ ದೋಣಿ ವಾಲಿತು, ನೀರು ಒಳನುಗ್ಗಿತು.

“ಭಾರ ತಡೆಯಲ್ಲ ಕಣೇ!” ಗಿರೌತ್ ಚೀರಿದ.

ಅವಳು ಹಿಡಿದ ಕೈ ಬಿಡಲಿಲ್ಲ. ಎರಡೂ ಕಾಲು ಕೊಟ್ಟು ಪೆಟ್ಟಿಗೆಯನ್ನು ಹೊಳೆಗೆ ತಳ್ಳಿದಳು. ಅಮ್ಮ ಎಷ್ಟೋ ಚಳಿಗಾಲ ಒಲೆಯ ಮುಂದೆ ಕೂತು ನೂತಿದ್ದೆಲ್ಲ ಅದರಲ್ಲಿತ್ತು. ದಡದಿಂದ ಗಂಡಿನ ತಂದೆಯ ಕೂಗು ಕೇಳಿಸಿತು: “ಪೆಟ್ಟಿಗೆ! ಅಯ್ಯೋ, ಪೆಟ್ಟಿಗೆ ಹಿಡೀರೋ!” ಅಷ್ಟರಲ್ಲಿ ಅವಳು ಐಮೆರಿಕ್‌ನನ್ನು ಹಗುರಾದ ದೋಣಿಯೊಳಗೆ ಎಳೆದುಕೊಂಡಿದ್ದಳು.

ಒಡ್ಡಿನ ಮೇಲಿಂದ ನೀರು ಬೀಳುವ ಸದ್ದು ಹತ್ತಿರವಾದಾಗ ಅವಳು ಉಸಿರು ಬಿಗಿಹಿಡಿದು ಗಳ ಊರಿದಳು. ದೋಣಿ ಮರಳಿಗೆ ಸಿಕ್ಕಿ ನಿಂತಿತು, ಹೊರಟ ದಡದಲ್ಲೇ. ಐಮೆರಿಕ್ ಮರಳ ಮೇಲೆ ಬೋರಲು ಬಿದ್ದು ನೀರು ಕಕ್ಕಿದ.

“ಈಜೋಕೆ ಬರಲ್ಲ ಅಂದ್ಮೇಲೆ ಯಾಕಯ್ಯಾ ಹಾರ್ದೆ?” ಎಂದಳು ಪೆಯ್ರೊನೆಲ.

“ನೀನು ಹೊರಟೇ ಹೋಗ್ತಿದ್ದೀಯಲ್ಲಾ ಅನ್ನಿಸ್ತು.”

ಅವಳಿಗೆ ನಗು ಉಕ್ಕಿತು. ಅವನೂ ಕೆಮ್ಮುತ್ತಲೇ ನಕ್ಕ.

ಎದುರು ದಡದಲ್ಲಿ ಇಡೀ ದಿಬ್ಬಣ ಓಡಿಬಂದು ನಿಂತಿತ್ತು. ಹೊಳೆ ಇಳಿಯುವವರೆಗೆ ಯಾರೂ ದಾಟುವಂತಿರಲಿಲ್ಲ. ಗಂಡಿನ ತಂದೆ ಪೆಟ್ಟಿಗೆ ಹೋದ ದಿಕ್ಕಿಗೆ ಕೈತೋರಿಸುತ್ತ ಪಾದ್ರಿಯ ಕಿವಿಯಲ್ಲಿ ಏನೋ ಒದರುತ್ತಿದ್ದ. ಪಾದ್ರಿ ಅವನನ್ನು ಪಕ್ಕಕ್ಕೆ ಸರಿಸಿ, ಮಂಡಿಯವರೆಗೆ ನೀರಿಗಿಳಿದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. ಅರ್ಧ ಮಾತು ಗಾಳಿಗೆ ಹಾರಿಹೋಯಿತು.

“ಏನಂತೆ?” ಎಂದಳು ಪೆಯ್ರೊನೆಲ.

“ನನ್ನನ್ನ ಒಪ್ಕೋತೀಯಾ ಅಂತ ಕೇಳ್ತಿದಾರೆ.” ಐಮೆರಿಕ್‌ನ ಹಲ್ಲು ಕಟಕಟಿಸುತ್ತಿದ್ದವು.

ಅವಳು ಎದ್ದು ನಿಂತು ಕೊಟ್ಟ “ಹ್ಞೂಂ!” ಎಂಬ ಕೂಗಿಗೆ ಮರಗಳ ಮೇಲಿನ ಕೊಕ್ಕರೆಗಳು ಗುಂಪಾಗಿ ಎದ್ದವು. ಎದುರು ದಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಒಂದೇ ಒಂದು ದನಿ ಗಾಳಿಯನ್ನೂ ಸೀಳಿಕೊಂಡು ಬಂತು, ಅಮ್ಮನದು:

“ನಿಂತ್ಕೊಂಡು ಏನೇ ನೋಡ್ತೀಯಾ? ಆ ಒದ್ದೆ ಅಂಗಿ ಬಿಚ್ಚಿಸೇ! ನನ್ನ ಅಳಿಯ ನಡುಗ್ತಿದಾನೆ!”