ಗಂಗಮ್ಮನ ಮುಡಿ

ಕೀಟನಾಶಕದ ವಿಷ ಸೇರಿ ಕೆಟ್ಟಿದ್ದ ಕೆರೆಯ ಅಂಚಿಗೆ ವಿಜ್ಞಾನಿ ವಾರಿಜ ಮೇಡಂ ಜೊಂಡು ನೆಡಿಸಿದರು. ಅದರ ಬೇರಿನ ಸೂಕ್ಷ್ಮಜೀವಿಗಳು ವಿಷವನ್ನು ಮುರಿದು ತಿನ್ನುತ್ತವೆಂದರೆ ಊರು ನಂಬಲಿಲ್ಲ. ಜೊಂಡು ಕೊಯ್ಯಲು ಕುಡುಗೋಲು ಹಿಡಿದು ಬಂತು. ದಿಕ್ಕು ತೋಚದೆ ಮೇಡಂ, "ಇದು ಗಂಗಮ್ಮನ ಕೂದಲು, ಮುಟ್ಟಬೇಡಿ" ಎಂದುಬಿಟ್ಟರು. ಮುಂದೆ ಯಾರೂ ಮುಟ್ಟಲಿಲ್ಲ.

ನೀರು ತಿಳಿಯಾಯಿತು. ಕೆಸರಿನ ವಿಷ ಮಾತ್ರ ಇನ್ನೂ ಅರ್ಧ ಉಳಿದಿತ್ತು. ಜೊಂಡು ಇನ್ನಷ್ಟು ಕಾಲ ಇರಬೇಕೆಂಬ ಚಿಂತೆಯಲ್ಲೇ ಅವರು ಊರಿಗೆ ಬಂದಿಳಿದರೆ, ಊರಿನ ಹೆಂಗಸು ಚಿಕ್ಕತಾಯಮ್ಮ ಎದುರಾಗಿ ಪ್ರಸಾದ ಕೊಟ್ಟಳು.

"ಗಂಗಮ್ಮ ಹುಷಾರಾದ್ಲು ಮೇಡಮ್ಮೋರೇ! ಮುಡಿ ಕೊಡೋ ಹರಕೆ ಇತ್ತು, ತೀರಿಸಿಬಿಟ್ವಿ."

ವಾರಿಜ ಅವಳ ದಪ್ಪ ತುರುಬನ್ನು ನೋಡಿದರು. "ನಿಮ್ಮ ಕೂದಲು ಹಾಗೇ ಇದೆಯಲ್ಲ?"

"ನಮ್ದ್ಯಾಕವ್ವಾ? ಹುಷಾರಾದೋರ್ದು ತಾನೇ ಮುಡಿ ಕೊಡೋದು? ಒಂದು ಬೇರೂ ಬಿಡದಂಗೆ ಬೋಳಿಸಿದ್ವಿ."