ಗಟ್ಟಿ ಮರಿಗಳು

ಚೈತ್ರದ ಬಿಸಿಲು ಬೆಳಗಿನ ಒಂಬತ್ತಕ್ಕೇ ತಾರಸಿಯನ್ನು ಕಾಯಿಸಿತ್ತು. ಕಿಟಕಿಗೆ ಕಟ್ಟಿದ ಗೋಣಿತಾಟಿಗೆ ನೀರು ಚಿಮುಕಿಸಿ ಬಂದ ಮಹದೇವಸ್ವಾಮಿ, ಐದನೆಯ ತೊಟ್ಟಿಗೆ ಗಾಜಿನ ಕಡ್ಡಿ ಇಳಿಸಿ ಒಂದು ಮೀನಿನ ಬಾಲದ ಬುಡ ಮುಟ್ಟಿದ. ಸತ್ತಿದ್ದರೆ ಅಲುಗುವುದಿಲ್ಲ. ಅದು ಚಂಗನೆ ತಿರುಗಿ ಕಡ್ಡಿಯನ್ನೇ ಮೂಸಿತು.

ಎಪ್ಪತ್ತೆರಡು ಗಂಟೆ ಕಳೆದಿತ್ತು. ತೊಟ್ಟಿಗೆ ಹತ್ತರಂತೆ ಬಿಟ್ಟ ಗೆಂಡೆ ಮೀನಿನ ಮರಿಗಳಲ್ಲಿ ಒಂದೂ ಸತ್ತಿರಲಿಲ್ಲ.

ಬಣ್ಣದ ಕಾರ್ಖಾನೆಯೊಂದು ಬಳಸಿ ಕಾಲುವೆಗೆ ಬಿಡುವ ರಾಸಾಯನಿಕದ ಪರೀಕ್ಷೆ ಅದು. ಆರನೆಯ ತೊಟ್ಟಿಯಲ್ಲಿ ಬರಿಯ ನೀರು. ಉಳಿದ ಐದರಲ್ಲಿ ಒಂದಕ್ಕಿಂತ ಒಂದು ಗಾಢ. ತೊಂಬತ್ತಾರು ಗಂಟೆಯೊಳಗೆ ಐದನೆಯ ತೊಟ್ಟಿಯ ಅರ್ಧದಷ್ಟು ಮೀನು ಸತ್ತರೆ ಕಾಲುವೆ ಮುಚ್ಚಬೇಕು. ಸಾಯದಿದ್ದರೆ ಇನ್ನೈದು ವರ್ಷ ಪರವಾನಗಿ. ಕಾಲುವೆ ಹೋಗಿ ಬೀಳುವುದು ಮಹದೇವಸ್ವಾಮಿಯ ಊರ ಕೆರೆಗೆ. ಹೋದ ಬೇಸಿಗೆ ಆ ಕೆರೆಯಲ್ಲಿ ಹೊಟ್ಟೆ ಮೇಲಾಗಿ ತೇಲಿದ ಮೀನುಗಳನ್ನು ಅವನೇ ಮಂಕರಿಯಲ್ಲಿ ಹೊತ್ತು ಹೂತು ಬಂದಿದ್ದ. ಮೂರು ದಿನ ಅನ್ನ ಸೇರಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಪಂಕಜಾ ಅವರಿಗೂ ಇದು ಗೊತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಗಾಜು ತೊಳೆಯಲು ಬಂದವನಿಗೆ ಅಳೆಯುವುದು, ಎಣಿಸುವುದು, ನಮೂನೆ ತುಂಬುವುದು ಎಲ್ಲವನ್ನೂ ಕಲಿಸಿದವರು ಅವರೇ.

"ನಿಮ್ಮೂರಿನ ವಿಷಯ ಅಂತ ಬೇರೆಯವರಾಗಿದ್ರೆ ನಿಮ್ಮನ್ನ ದೂರ ಇಡ್ತಿದ್ರು, ಸ್ವಾಮಿ. ನಾನು ನಿಮ್ಮ ಕೈಗೇ ಕೊಡ್ತಿದೀನಿ," ಎಂದಿದ್ದರು.

ಕೆಲಸ ಶುರುವಿನಲ್ಲೇ ಕೆಟ್ಟಿತ್ತು. ಮಾಮೂಲಿ ವ್ಯಾಪಾರಿ ತಂದ ಮರಿಗಳು ಪರೀಕ್ಷೆಗೆ ಮೊದಲೇ ಸೆಕೆಗೆ ಸತ್ತಿದ್ದವು. ಮತ್ತೊಮ್ಮೆ ಹೀಗಾದರೆ ಬೇರೆ ಊರಿನ ಪ್ರಯೋಗಾಲಯಕ್ಕೆ ಕೊಡುತ್ತೇವೆಂದು ಕಾರ್ಖಾನೆಯ ಅಧಿಕಾರಿ ಸಮರ್ಥ ನಗುನಗುತ್ತಲೇ ಹೇಳಿ ಹೋಗಿದ್ದ. ಬೇರೆ ಊರಿನ ಪರೀಕ್ಷೆ ಎಂದರೆ ದುಡ್ಡು ಕೊಟ್ಟವರಿಗೆ ಬೇಕಾದ ಫಲಿತಾಂಶ ಎಂದು ಮಹದೇವಸ್ವಾಮಿಗೆ ಗೊತ್ತಿತ್ತು. ಆಗ ನೆನಪಾದವಳು ಊರಿನಲ್ಲಿದ್ದ ಅಕ್ಕ ಬೀರಮ್ಮ. ಹಿಂದೆ ಕೆರೆಗೆ ಬಿಡಲು ಮೀನುಮರಿ ಕೇಂದ್ರದಿಂದ ಮರಿ ತರುತ್ತಿದ್ದವಳು. ಫೋನು ಮಾಡಿ, ಕೇಂದ್ರಕ್ಕೆ ಹೋಗಿ ಗಟ್ಟಿ ಮರಿ ಆರಿಸಿ ತಾ, ಪರೀಕ್ಷೆಗೆ ಬೇಕು, ಈ ಸಲ ಸತ್ತರೆ ನನ್ನ ಮಾನ ಹೋಗುತ್ತದೆ ಎಂದಿದ್ದ.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಅವಳು ಬಂದಿಳಿದಳು. ಎರಡು ಹಾಲಿನ ಕ್ಯಾನು, ಬಾಯಿಗೆ ಒದ್ದೆ ಬಟ್ಟೆ. ಸೀರೆಯ ಅಂಚು ಮೊಣಕಾಲಿನವರೆಗೆ ಕೆಸರು. ಬಟ್ಟೆ ಬಿಚ್ಚಿದಾಗ ಸಣ್ಣ ಘಾಟು ಮೂಗಿಗೆ ಬಡಿಯಿತು. ರಾಸಾಯನಿಕ ಮುಟ್ಟಿದ ತನ್ನ ಕೈಯದೇ ವಾಸನೆ ಎಂದುಕೊಂಡ. ನಮೂನೆಯಲ್ಲಿ 'ಮೀನಿನ ಮೂಲ' ಎಂದಿದ್ದ ಕಡೆ ಮೀನುಮರಿ ಕೇಂದ್ರ ಎಂದು ದುಂಡಗೆ ಬರೆದ. ನೀರಿಗೆ ಹೊಂದಿಕೊಳ್ಳಲು ಬಿಟ್ಟ ಹನ್ನೆರಡು ದಿನದಲ್ಲಿ ಒಂದೂ ಸಾಯಲಿಲ್ಲ. ಇಂಥ ಮೀನನ್ನು ತಾನು ಕಂಡೇ ಇಲ್ಲವೆಂದು ಪಂಕಜಾ ಮೆಚ್ಚಿಕೊಂಡರು.

ಆ ಗಟ್ಟಿತನವೇ ಈಗ ಅವನಿಗೆ ಅನುಮಾನ ಹುಟ್ಟಿಸಿತ್ತು. ಎಷ್ಟು ಗಟ್ಟಿಯಾದರೂ ಮೀನು ಮೀನೇ. ಒಂದು ಕೆರೆಯನ್ನೇ ಕೊಂದದ್ದು ಹತ್ತು ಮರಿಗಳನ್ನು ಕೊಲ್ಲದೆ ಇರುತ್ತದೆಯೆ?

ಅಂದರೆ ತೊಟ್ಟಿಗೆ ಬೀಳುತ್ತಿರುವುದು ಅದಲ್ಲ.

ದಿನಕ್ಕೊಮ್ಮೆ ತೊಟ್ಟಿಯ ನೀರು ಬದಲಿಸುವಾಗ ಬೆರೆಸುವ ರಾಸಾಯನಿಕದ ಬಾಟಲಿ ಪಂಕಜಾ ಅವರ ಕೋಣೆಯ ಫ್ರಿಜ್ಜಿನಲ್ಲಿತ್ತು, ಬೀಗದಕೈ ಅವರ ಬಳಿ. ಪರೀಕ್ಷೆಯ ಮೊದಲ ದಿನವೇ ಸಮರ್ಥ ಅವರೊಂದಿಗೆ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತಿದ್ದ. ಹೋಗುವಾಗ ಮಹದೇವಸ್ವಾಮಿಯ ಬೆನ್ನು ತಟ್ಟಿ, ಮೀನು ಚೆನ್ನಾಗಿ ನೋಡ್ಕೊಳ್ಳಿ ಎಂದಿದ್ದ.

ತೊಂಬತ್ತಾರನೆಯ ಗಂಟೆ ಮುಗಿದಾಗ ಅರವತ್ತು ಮೀನೂ ಈಜುತ್ತಿದ್ದವು. ಎಣಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟು ಅವನು ನಿಂತೇ ಇದ್ದ.

"ಬಾಟಲಿ ಬದಲಾಗಿದೆ, ಮೇಡಂ."

"ಯಾರು ಬದಲಾಯಿಸಿದ್ರು?"

"ಫ್ರಿಜ್ಜಿಗೆ ಇರೋದು ಒಂದೇ ಬೀಗದಕೈ."

ಪಂಕಜಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಹತ್ತೊಂಬತ್ತು ವರ್ಷ ನೀವು ಎಣಿಸಿದ್ದನ್ನ ನಾನು ತಿರುಗಿ ಎಣಿಸಿಲ್ಲ," ಎಂದರು ಕೊನೆಗೆ. "ನೀವು ಬರೆದಿದ್ದನ್ನ ತಿರುಗಿ ಕೇಳಿಲ್ಲ. ಈಗಲೂ ಕೇಳಲ್ಲ."

ಸಹಿ ಹಾಕಿದರು. ಹೊರಗೆ ಕಾಯುತ್ತಿದ್ದ ಸಮರ್ಥ ಲಕೋಟೆ ಹಿಡಿದು ಕಾರು ಹತ್ತಿದ.

ಮಹದೇವಸ್ವಾಮಿ ಬಿಳಿ ಕೋಟು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟ. ನಿಮ್ಮನ್ನು ತಾಯಿಯಂತೆ ನಂಬಿದ್ದೆ, ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದ. ಹತ್ತೊಂಬತ್ತು ವರ್ಷದ ಜಾಗದಿಂದ ಅವನು ಎತ್ತಿಕೊಂಡು ಹೊರಟದ್ದು ಅಕ್ಕನ ಎರಡು ಖಾಲಿ ಕ್ಯಾನು ಮಾತ್ರ.

ಕೆಸರೆ ಬಡಾವಣೆಯ ಅವನ ಮನೆಯ ಜಗಲಿಯಲ್ಲಿ ಬೀರಮ್ಮ ಎಲೆ ಮಡಿಸುತ್ತ ಕೂತಿದ್ದಳು. ಕ್ಯಾನು ಒಯ್ಯಲು ಬಂದಿದ್ದಳು. ಅವನ ಮುಖ ನೋಡಿ ಗಾಬರಿಯಾದಳು.

"ಎಂಗಾಯ್ತೋ ಪರೀಕ್ಸೆ? ಎಷ್ಟು ಸತ್ತೋದ್ವು?"

"ಒಂದೂ ಸಾಯ್ಲಿಲ್ಲ, ಅಕ್ಕ."

ಅವಳ ಮುಖ ಅರಳಿತು. ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟು, ಅವನ ಕೈಯಿಂದ ಕ್ಯಾನು ಇಸಿದುಕೊಂಡಳು.

"ಮತ್ತೆ? ಕೇಂದ್ರದ ಮರಿ ತಂದಿದ್ರೆ ನಿನ್ ಮಾನ ಕಳ್ದ್‌ಬುಡ್ತಿದ್ವು. ಅವು ದಾರೀಲೇ ಬಾಯ್ ಬಿಡೋ ಜಾತಿ. ಅದ್ಕೇ ನಾನು ಅಲ್ಲಿಗೆ ಓಗ್ಲೇ ಇಲ್ಲ."

"ಅಂಗಾದ್ರೆ ಅವು ಎಲ್ಲೀವು?"

"ನಮ್ ಕೆರೇವೇ ಕಣೋ, ಮಾದೇವ. ಸಾಯೋವೆಲ್ಲ ಓದ್ ವರ್ಸವೇ ಸತ್ತೋದ್ವು. ಇವು ಆ ನೀರ್ನಲ್ಲೂ ಉಳ್ಕೊಂಡೋವುಗಳ ಮರಿ."